ಬಶಿಯಿಂದ ಲೋಟಕ್ಕೆ

ನಮ್ಮ ಮನೆಯಲ್ಲಿ ಕಾಫಿ ಅಂದರೆ ಔಷಧ. ಯಾರಿಗಾದರೂ ನೆಗಡಿ ಜೋರಾದರೆ, ಇಲ್ಲವೇ ಮೈಸೂರು ಕಡೆಯ ನೆಂಟರು ಬಂದರೆ, ಆಗ ಮಾತ್ರ ಓಣಿಯ ಕಿರಾಣಿ ಅಂಗಡಿಗೆ ನನ್ನನ್ನು ಓಡಿಸುತ್ತಿದ್ದರು. ಇನ್‌ಸ್ಟಂಟ್ ಪುಡಿಯ ಸಣ್ಣ ಪಾಕೀಟು ತಂದು ಬಿಸಿ ಹಾಲಿಗೆ ಸುರಿದು ಕಲಕಿದರೆ ಕಾಫಿ ಆಯಿತು. ಉಳಿದಂತೆ ವರ್ಷಪೂರ್ತಿ ಚಾ. ಗದಗಿನಲ್ಲಿ ಮದುವೆಯ ಕಾರ್ಡು ಹಂಚಲು ಹೊರಟರೆ ಹತ್ತು ಮನೆಯಲ್ಲಿ ಹತ್ತು ಸಲ ಅರ್ಧರ್ಧ ಕಪ್ಪು ಚಾ ಕುಡಿಯಬೇಕು. ಬ್ಯಾಡ್ರಿ ಅಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಅಪ್ಪ ಚಾ ಬಶಿಗೆ ಸುರಿದುಕೊಂಡು ಸೊರ್ರ್ ಎಂದು ಎಳೆಯುವ ಸದ್ದಿಗೇ ನನಗೆ ಎಷ್ಟೋ ವರ್ಷ ಬೆಳಗಾದದ್ದು.

2009ರಲ್ಲಿ ಕೆಲಸಕ್ಕೆಂದು ಬೆಂಗಳೂರಿಗೆ ಬಂದೆ. ತ್ಯಾಗರಾಜನಗರದ ಒಂದು ಹಳೇ ಮನೆಯ ಮಹಡಿ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯ ಒಡತಿ, ಎಪ್ಪತ್ತರ ಆಸುಪಾಸಿನವರು, ಮೈಸೂರಿನ ಹೆಣ್ಣುಮಗಳು. ಎಲ್ಲರೂ ಅವರನ್ನು ಅಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಮೊದಲ ದಿನ ಬೆಳಿಗ್ಗೆ ಗೇಟಿನ ಹತ್ತಿರ ರಂಗೋಲಿ ಹಾಕುತ್ತಿದ್ದವರು ತಲೆಯೆತ್ತಿ, "ಕಾಫಿ ಆಯ್ತೇನಪ್ಪಾ?" ಅಂದರು.

"ಇಲ್ರಿ, ನಾ ಕಾಫಿ ಕುಡ್ಯಂಗಿಲ್ರಿ" ಅಂದೆ.

ರಂಗೋಲಿಯ ಎಳೆ ಅರ್ಧಕ್ಕೆ ನಿಂತಿತು. ಏನೋ ಅಶುಭ ನುಡಿದವನಂತೆ ನನ್ನನ್ನು ನೋಡಿದರು. ಅದು ಪ್ರಶ್ನೆ ಅಲ್ಲ, ನಮ್ಮ ಕಡೆ "ಆರಾಮೇನ್ರಿ" ಅಂದಂತೆ, ಆಯ್ತು ಅಂದುಬಿಟ್ಟರೆ ಮುಗಿಯಿತು ಎಂದು ತಿಳಿಯಲು ಹದಿನೈದು ದಿನ ಬೇಕಾಯಿತು. ಅಷ್ಟರಲ್ಲಿ "ಮೇಲಿನ ಮನೆ ಹುಡುಗ ಕಾಫಿ ಕುಡಿಯಲ್ವಂತೆ" ಎಂಬ ಸುದ್ದಿ ಬೀದಿಯಲ್ಲಿ ಮೂರು ಮನೆ ದಾಟಿತ್ತು.

ಆಫೀಸಿನಲ್ಲೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಹನ್ನೊಂದು ಗಂಟೆಗೆ ನಾಲ್ಕು ಜನ ಎದ್ದು ಪಕ್ಕದ ದರ್ಶಿನಿಗೆ ಹೋಗುವುದು, ಎರಡು ಬೈಟೂ ಹೇಳುವುದು, ನಿಂತಲ್ಲೇ ಕುಡಿಯುವುದು. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ಈ ಬೈಟೂ ಜಿಪುಣತನ ಎಂದು ಆಗ ನನಗೆ ಅನಿಸಿತ್ತು. ಆಮೇಲೆ ಗೊತ್ತಾಯಿತು, ಅರ್ಧ ಕುಡಿದವರಿಗೇ ಇನ್ನೊಂದು ಸಲ ಎದ್ದು ಬರಲು ನೆಪ ಸಿಗುವುದು. ನನ್ನ ಪಾಲಿನ ಮೊದಲ ಅರ್ಧ ಲೋಟ ನಾಲಿಗೆ ಸುಟ್ಟಿತು, ಆಮೇಲೆ ಗಂಟಲಲ್ಲಿ ಕಹಿ ನಿಂತಿತು. ಈ ಜನ ಇದಕ್ಕೆ ಇಷ್ಟೊಂದು ಯಾಕೆ ಸಾಯುತ್ತಾರೆ ಅಂದುಕೊಂಡೆ.

ಕಾಫಿಯ ಕಡೆಗೆ ನಾನು ಇಟ್ಟ ಮೊದಲ ಹೆಜ್ಜೆಗೆ ರುಚಿ ಕಾರಣವಲ್ಲ, ಪಾತ್ರೆ ಕಾರಣ. ಒಂದು ಭಾನುವಾರ ಅಮ್ಮ ಕೆಳಗೆ ಕರೆದು ಕೂರಿಸಿ, ಬಟ್ಟಲಿನಲ್ಲಿ ಲೋಟವಿಟ್ಟು ಕಾಫಿ ಕೊಟ್ಟರು. ತಮ್ಮದನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎರಡು ಸಲ ಎತ್ತಿ ಸುರಿದರು. ನೊರೆ ಬಂತು, ಹಬೆ ಇಳಿಯಿತು. ಅರೆ, ಇದು ನಮ್ಮ ಬಶಿಯ ಕೆಲಸವೇ ಅಲ್ಲವಾ! ಅಂಚು ಎತ್ತರವಾಗಿದೆ, ಅಷ್ಟೇ. ನಾಲಿಗೆ ಸುಡದೆ ಕುಡಿದ ಮೊದಲ ಕಾಫಿ ಅದು. ರುಚಿ ಹೇಗಿತ್ತೋ ನೆನಪಿಲ್ಲ, ಬಟ್ಟಲು ಮಾತ್ರ ನೆನಪಿದೆ.

ಎರಡನೆಯದು ವಾಸನೆ. ಗಾಂಧಿಬಜಾರಿನ ಕಡೆ ಸಂಜೆ ತಿರುಗಾಡಲು ಹೋದರೆ ಹೂವಿನ ಸಾಲು ಮುಗಿಯುವಷ್ಟರಲ್ಲಿ ಒಂದು ಕಾಫಿ ಪುಡಿ ಅಂಗಡಿ. ಮಿಷನ್ ತಿರುಗುತ್ತಿದ್ದರೆ ಆ ಪರಿಮಳ ರಸ್ತೆ ದಾಟಿ ಬಂದು ಕೈ ಹಿಡಿದು ನಿಲ್ಲಿಸುತ್ತಿತ್ತು. ವಾಸನೆ ಇಷ್ಟು ಚೆನ್ನಾಗಿರುವ ಪದಾರ್ಥ ಬಾಯಲ್ಲಿ ಯಾಕೆ ಹಾಗೆ ಮೋಸ ಮಾಡುತ್ತದೆ? ಈ ಪ್ರಶ್ನೆ ಹೊತ್ತೇ ಒಂದು ಮಳೆಯ ಸಂಜೆ ಒಳಗೆ ಹೋದೆ.

"ಏನು ಕೊಡ್ಲಿ ಸಾರ್?"

"ಕಾಫಿ ಪುಡಿ."

"ಪೀಬೆರಿನಾ, ಪ್ಲಾಂಟೇಷನ್ ಎ ನಾ? ಚಿಕೋರಿ ಎಷ್ಟು ಹಾಕ್ಲಿ?"

ನಾನು ಸುಮ್ಮನೆ ನಿಂತೆ. ಹಿಂದೆ ನಿಂತಿದ್ದ ಯಜಮಾನರೊಬ್ಬರು, "ಅರ್ಧ ಪೀಬೆರಿ, ಅರ್ಧ ಪ್ಲಾಂಟೇಷನ್, ಎಂಬತ್ತಕ್ಕೆ ಇಪ್ಪತ್ತು ಕೊಡಿ ಇವರಿಗೆ" ಎಂದು ನನ್ನ ಪರವಾಗಿ ತೀರ್ಮಾನಿಸಿದರು. ಇಂದಿಗೂ ಆ ಲೆಕ್ಕದ ಹತ್ತಿರವೇ ಇದ್ದೇನೆ.

ಕಾಲು ಕಿಲೋ ಪುಡಿ ತಂದವನು ಮಾಡಿದ್ದೇನು? ನನಗೆ ಗೊತ್ತಿದ್ದುದು ಚಾ ಮಾಡುವುದೊಂದೇ. ನೀರು, ಹಾಲು, ಸಕ್ಕರೆ, ಎರಡು ದೊಡ್ಡ ಚಮಚ ಕಾಫಿ ಪುಡಿ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಹತ್ತು ನಿಮಿಷ ಕೊತಕೊತ ಕುದಿಸಿದೆ. ಬಣ್ಣ ಬರಲಿ ಎಂದು ಇನ್ನೂ ಎರಡು ನಿಮಿಷ. ಚಾ ಜಾಲರಿಯಲ್ಲಿ ಸೋಸಿದರೆ ಅರ್ಧ ಪುಡಿ ಲೋಟಕ್ಕೇ ಇಳಿಯಿತು. ವಾಸನೆಗೆ ಅಮ್ಮ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ಏನೋ ಅದು ಸುಟ್ಟ ವಾಸ್ನೆ?"

ಪಾತ್ರೆ ತೋರಿಸಿದೆ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಅಮ್ಮ ನಕ್ಕರು. "ಕಾಫಿನ ಕುದಿಸಬಾರದು ಕಣೋ, ಕಾಯಬೇಕು" ಅಂದರು. ಕೆಳಗೆ ಹೋಗಿ, ತಮ್ಮ ಹಿತ್ತಾಳೆ ಫಿಲ್ಟರ್ ಅಲ್ಲ, ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ, ಅಟ್ಟದಲ್ಲಿದ್ದ ಸ್ಟೀಲಿನ ಸಣ್ಣದೊಂದನ್ನು ತೊಳೆದು ತಂದುಕೊಟ್ಟರು.

ಫಿಲ್ಟರ್ ನೋಡಲು ಬಲು ಸರಳ. ಮೇಲೊಂದು ಡಬ್ಬ, ತಳದಲ್ಲಿ ಸೂಜಿಮೊನೆಯಂಥ ತೂತುಗಳು, ಕೆಳಗೊಂದು ಡಬ್ಬ, ಪುಡಿಯ ಮೇಲಿಡಲು ಕಡ್ಡಿ ಇರುವ ಪುಟ್ಟ ಛತ್ರಿ, ಒಂದು ಮುಚ್ಚಳ. ಇಷ್ಟರೊಳಗೆ ನಾನು ಮಾಡದ ತಪ್ಪಿಲ್ಲ. ಪುಡಿಯನ್ನು ಛತ್ರಿಯಿಂದ ಗಟ್ಟಿಯಾಗಿ ಒತ್ತಿದೆ, ಎರಡು ತಾಸು ಕಾದರೂ ಕೆಳಗೆ ಒಂದು ಚಮಚ ಇಳಿದಿರಲಿಲ್ಲ. ಮರುದಿನ ಒತ್ತಲೇ ಇಲ್ಲ, ನೀರು ಜರ್ರನೆ ಇಳಿದು ಕಂದು ಬಣ್ಣದ ತಿಳಿನೀರಾಯಿತು. ಇಳಿಯುವುದು ನಿಧಾನವಾಯಿತೆಂದು ಕೆಳಗಿನ ಡಬ್ಬ ಬಿಚ್ಚಲು ಹೋಗಿ ಕೈ ಸುಟ್ಟುಕೊಂಡೆ, ಕಟ್ಟೆಯೆಲ್ಲ ಚರಟ. ತಣ್ಣಗಾದ ಡಿಕಾಕ್ಷನ್ ಒಲೆ ಮೇಲಿಟ್ಟು ಕಾಯಿಸಿದೆ, ಕಷಾಯದಂತೆ ಕಹಿ. ಅದು ಆರಿದ್ದರೆ ಪಾತ್ರೆಯನ್ನು ಬಿಸಿ ನೀರಿನಲ್ಲಿ ಕೂರಿಸಬೇಕು, ಬೆಂಕಿ ತೋರಿಸಬಾರದು ಎಂದು ಅಮ್ಮ ಆಮೇಲೆ ಹೇಳಿದರು. ತೂತು ಕಟ್ಟಿಕೊಂಡರೆ ಮಾತ್ರ ಬೆಂಕಿ: ಮೇಲಿನ ಡಬ್ಬವನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಯ ಮೇಲೆ ಕಾಯಿಸಿ, ತಟ್ಟಿ, ಉಜ್ಜುವುದು.

ಅಮ್ಮನ ಕ್ರಮ ನೋಡಿಯೇ ಕಲಿಯಬೇಕಿತ್ತು, ಅಳತೆ ಕೇಳಿದರೆ "ಕಣ್ಣಂದಾಜು" ಅನ್ನುತ್ತಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ಪುಡಿ ಹಾಕಿ, ಡಬ್ಬದ ಪಕ್ಕಕ್ಕೆ ಬೆರಳಿಂದ ಎರಡು ಸಲ ತಟ್ಟಿ ಸಮ ಮಾಡುವುದು. ಛತ್ರಿಯನ್ನು ಅದರ ಭಾರಕ್ಕೇ ಬಿಡುವುದು. ಕುದಿ ಬಂದ ನೀರನ್ನು ಇಳಿಸಿ ಒಂದು ಗಳಿಗೆ ಬಿಟ್ಟು ಮೊದಲು ಪುಡಿ ನೆನೆಯುವಷ್ಟೇ, ಆಮೇಲೆ ಸುತ್ತ ತುಂಬ ಸುರಿಯುವುದು. ಮುಚ್ಚಿ ಸ್ನಾನಕ್ಕೆ ಹೋಗುವುದು. ಸ್ನಾನ, ದೀಪ, ರಂಗೋಲಿ ಮುಗಿಸಿ ಬರುವಷ್ಟರಲ್ಲಿ ಗಟ್ಟಿ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿದಿರುತ್ತಿತ್ತು. ಹಾಲು ಉಕ್ಕಿ ಬಂದ ಕ್ಷಣಕ್ಕೇ ಬೆರೆಸಬೇಕು, ಎರಡು ಸಲ ಕಾದ ಹಾಲು ಅವರಿಗೆ ಆಗದು. ಅದೇ ಪುಡಿಗೆ ಮತ್ತೊಮ್ಮೆ ನೀರು ಹಾಕಿ ಇಳಿಸಿದ್ದು ಎರಡನೇ ಡಿಕಾಕ್ಷನ್. ಅದು ಯಾರಿಗೆ ಎಂದು ಕೇಳಿದೆ. "ಇನ್ಶೂರೆನ್ಸ್ ಮಾಡಿಸಿ ಅಂತ ಬರ್ತಾನಲ್ಲ, ಅವನಿಗೆ" ಅಂದರು.

ಈ ಕಲಿಕೆಯ ನಡುವೆ ಯಾವ ದಿನ ಕಹಿ ಮಾಯವಾಯಿತೋ ಹೇಳಲಾರೆ. ಒಂದು ಬೆಳಿಗ್ಗೆ ರೈಲಿಳಿದು ಬಂದು, ಚೀಲ ಕೆಳಗಿಡುವ ಮೊದಲೇ ಫಿಲ್ಟರಿಗೆ ಪುಡಿ ಹಾಕುತ್ತಿದ್ದೆ. ಊರಲ್ಲಿ ಮೂರು ದಿನ ಅವ್ವನ ಚಾ ಕುಡಿದು ಬಂದವನಿಗೆ ತಲೆ ಭಾರವಾಗಿತ್ತು. ಸಿಕ್ಕಿಬಿದ್ದೆ ಎಂದು ಆಗ ಗೊತ್ತಾಯಿತು.

ಚಿಕೋರಿಯ ಬಗ್ಗೆ ಒಂದು ಮಾತು. ಕಾಫಿ ತಿಳಿದವನೆಂಬ ಜಂಬ ಹೊಸದಾಗಿ ಹತ್ತಿದ್ದಾಗ ಅದನ್ನು ಕಲಬೆರಕೆ ಎಂದು ಹಳಿಯುತ್ತಿದ್ದೆ. ಚಿಕೋರಿ ಒಂದು ಗಿಡದ ಬೇರು, ನಮ್ಮಲ್ಲಿ ಬೆಳೆಯುವುದು ಮುಖ್ಯವಾಗಿ ಗುಜರಾತ್ ಮತ್ತು ಉತ್ತರ ಪ್ರದೇಶದಲ್ಲಿ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಹಡಗಿನ ದಾರಿ ಮುಚ್ಚಿ ಕಾಫಿ ಸಿಗದಾದಾಗ ಫ್ರಾನ್ಸಿನಲ್ಲಿ ಹುರಿದ ಚಿಕೋರಿ ಕುಡಿಯುವುದು ಹಬ್ಬಿತು. ಅದರಲ್ಲಿ ಕೆಫೀನ್ ಇಲ್ಲ. ಆದರೆ ಡಿಕಾಕ್ಷನ್ನಿಗೆ ಮೈ ಕೊಡುತ್ತದೆ, ಹಾಲು ಎಷ್ಟೇ ಬಿದ್ದರೂ ಬಣ್ಣ ಬಿಟ್ಟುಕೊಡುವುದಿಲ್ಲ. ನಮ್ಮ ಕಾನೂನು ಕಾಫಿ-ಚಿಕೋರಿ ಮಿಶ್ರಣದಲ್ಲಿ ಚಿಕೋರಿ ನೂರಕ್ಕೆ 49ರಷ್ಟು ಇರಲು ಬಿಡುತ್ತದೆ. ಎಷ್ಟಿದೆ ಎಂದು ಪೊಟ್ಟಣದ ಮೇಲೆ ಬರೆದಿರಬೇಕು. ಓದಿ ನೋಡಿ, ಮನೆಯ ಪುಡಿ ಹೆಚ್ಚುಕಡಿಮೆ ಅರ್ಧ ಚಿಕೋರಿ ಬೇರೇ ಆಗಿರಬಹುದು. ಒಂದು ತಿಂಗಳು ಚಿಕೋರಿಯೇ ಬೇಡ ಎಂದು ಬರೀ ಕಾಫಿ ಕುಡಿದೆ. ಹಾಲು ಹಾಕಿದರೆ ಏನೋ ಖಾಲಿ ಖಾಲಿ. ಮರಳಿ ಇಪ್ಪತ್ತಕ್ಕೆ ಬಂದಾಗ ಅಂಗಡಿಯವರು, "ದಾರಿಗೆ ಬಂದ್ರಿ" ಅಂದರು.

ಪೀಬೆರಿಯದೂ ಹೀಗೇ. ಹಣ್ಣಿನೊಳಗೆ ಎರಡು ಬೀಜ ಇರಬೇಕಾದಲ್ಲಿ ಒಂದು ಕಟ್ಟದೆ ಹೋದರೆ ಉಳಿದದ್ದು ಒಂಟಿಯಾಗಿ ದುಂಡಗೆ ಬೆಳೆಯುತ್ತದೆ, ಬಟಾಣಿಯಂತೆ. ದುಂಡಗಿರುವುದರಿಂದ ಹುರಿಯುವಾಗ ಚೆನ್ನಾಗಿ ಉರುಳುತ್ತದೆ ಎನ್ನುತ್ತಾರೆ. ಕಣ್ಣು ಕಟ್ಟಿ ಕೊಟ್ಟರೆ ನಾನು ಗುರುತಿಸಲಾರೆ. ಆದರೂ ಹೆಚ್ಚು ದುಡ್ಡು ಕೊಟ್ಟು ಅದನ್ನೇ ತರುತ್ತೇನೆ.

ತೋಟ ನೋಡಿದ್ದು ಮೂರು ವರ್ಷದ ನಂತರ. ಸಹೋದ್ಯೋಗಿಯೊಬ್ಬನ ಮನೆ ಮೂಡಿಗೆರೆಯ ಕಡೆ. ಜನವರಿಯಲ್ಲಿ ಕೊಯ್ಲು ನಡೆದಿರುವಾಗ ಹೋದೆವು. ತೋಟದವರ ಮನೆಯ ಕಾಫಿ ಅಂದರೆ ಹೇಗಿರಬಹುದು ಎಂದು ದಾರಿಯುದ್ದಕ್ಕೂ ಬಾಯಲ್ಲಿ ನೀರು. ಕೊಟ್ಟದ್ದು ಹಾಲಿಲ್ಲದ ಬೆಲ್ಲದ ಕಾಫಿ, ತೆಳ್ಳಗೆ, ಹೊಗೆಯ ವಾಸನೆ ಬೇರೆ. ನನ್ನ ಮುಖ ನೋಡಿ ಗೆಳೆಯನ ಅಪ್ಪ ನಕ್ಕರು.

"ಒಳ್ಳೇದೆಲ್ಲ ಮಾರೋಕೆ ಕ್ಯೂರಿಂಗ್ ಕಾರ್ಖಾನೆಗೆ ಹೋಗ್ತದೆ ಮಾರಾಯ್ರೆ. ಉದುರಿದ್ದು ಆರಿಸಿದ್ದು ನಮಗೆ."

ಅವರು ಯುವಕರಾಗಿದ್ದಾಗ ಇನ್ನೂ ಬಿಗಿಯಿತ್ತಂತೆ. 1942ರ ಕಾಯ್ದೆಯಂತೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಬೆಳೆ ಕೂಡಿಸಿ ಮಾರುವ ಒಟ್ಟು ರಾಶಿಗೆ, ಒಪ್ಪಿಸಬೇಕು, ಮನೆ ಖರ್ಚಿಗೆಂದು ಸ್ವಲ್ಪ ಇಟ್ಟುಕೊಳ್ಳಬಹುದು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರರು ಬೇಕಾದವರಿಗೆ ಮಾರುವಂತಾಯಿತು. "ನಮ್ಮ ಹಿತ್ತಲಲ್ಲಿ ಬೆಳೆದದ್ದು ನಮ್ಮದು ಅಂತ ಹೇಳೋಕೆ ಅಷ್ಟು ವರ್ಷ ಬೇಕಾಯ್ತು ನೋಡಿ" ಅಂದು, ಮರುಕ್ಷಣವೇ "ಆಗ ರೇಟಿನ ತಲೆಬಿಸಿ ಇರ್ಲಿಲ್ಲ" ಎಂದೂ ಸೇರಿಸಿದರು.

ಮರುದಿನ ನಾನೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕೀಳಲು ಇಳಿದೆ. ಸಿಲ್ವರ್ ಓಕಿನ ಮೈತುಂಬ ಮೆಣಸಿನ ಬಳ್ಳಿ, ನಡುವೆ ಹಾಲುವಾಣ, ಅತ್ತಿ, ಹಲಸು. ಆ ನೆರಳಿನಡಿ ಎದೆಮಟ್ಟದ ಅರೇಬಿಕಾ ಗಿಡ. ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ. ತೆಳು ಸಿಪ್ಪೆ, ಲೋಳೆಯಂಥ ಸಿಹಿ, ಒಳಗೆ ಜಾರುವ ಎರಡು ಬೀಜ. ಕಾಫಿಯ ಸುಳಿವೇ ಇಲ್ಲ. ಪರಿಮಳವೆಲ್ಲ ಬೆಂಕಿ ಕಂಡ ಮೇಲೆ ಬರುವಂಥದ್ದು.

ನಾನು ಕೊಂಬೆಯನ್ನು ಹಿಡಿದು ಸರ್ರನೆ ಎಳೆಯುತ್ತಿದ್ದೆ. ಪಕ್ಕದ ಸಾಲಿನಿಂದ ಒಬ್ಬ ಹೆಂಗಸು ಕೂಗಿದಳು. "ಹಂಗ ಎಳೀಬ್ಯಾಡ್ರಿ ಅಣ್ಣಾರ, ಮುಂದಿನ ವರ್ಸದ ಕಣ್ಣು ಕಿತ್ತ್ ಬರ್ತಾವ!"

ಆ ಮಾತು ಕಿವಿಗೆ ಬಿದ್ದದ್ದೇ ತಡ, ಕೈ ನಿಂತಿತು. ಮೂಡಿಗೆರೆಯ ಕಾಡಿನ ನಡುವೆ ನಮ್ಮ ಮಾತು. ಕೊಪ್ಪಳದ ಕಡೆಯವಳಂತೆ, ಕೊಯ್ಲಿನ ಕಾಲಕ್ಕೆ ಇಡೀ ಕುಟುಂಬ ಇಲ್ಲಿಗೆ ಬರುತ್ತದೆ. ಆ ಸಾಲಿನಲ್ಲಿ ಅಸ್ಸಾಮಿನ ಹುಡುಗರೂ ಇದ್ದರು. ಹತ್ತು ಗಂಟೆಗೆ ಎಲ್ಲರೂ ನೆರಳಿಗೆ ಕೂತಾಗ ಅವಳು ಪ್ಲಾಸ್ಕು ತೆಗೆದು ಲೋಟಕ್ಕೆ ಬಗ್ಗಿಸಿದಳು. ಚಾ.

"ಕಾಫಿ ತ್ವಾಟದಾಗ ಚಾ?" ಅಂದೆ.

"ಕಾಫಿ ಕೀಳಾಕ ಬಂದೀವ್ರಿ, ಕುಡ್ಯಾಕಲ್ಲ" ಅಂದಳು. ನನಗೂ ಅರ್ಧ ಲೋಟ ಕೊಟ್ಟಳು. ಬ್ಯಾಡ್ರಿ ಅನ್ನುವ ಧೈರ್ಯ ಬರಲಿಲ್ಲ.

ಮಧ್ಯಾಹ್ನದವರೆಗೆ ನಾನು ಕಿತ್ತದ್ದು ಒಂಬತ್ತು ಕಿಲೋ, ಅದರಲ್ಲಿ ಹಸಿರು ಕಾಯಿಯೂ ಬೇಕಾದಷ್ಟು. ಅವಳ ಚೀಲದಲ್ಲಿ ಅದರ ನಾಲ್ಕರಷ್ಟಿತ್ತು. ಕೂಲಿ ತೂಕದ ಮೇಲೆ. ಸುಮಾರು ಐದಾರು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜ, ಹುರಿದರೆ ಅದರಲ್ಲೂ ಆರನೇ ಒಂದು ಭಾಗದಷ್ಟು ಆವಿಯಾಗಿ ಹೋಗುತ್ತದೆ. ನನ್ನ ಅರ್ಧ ದಿನದ ಬೆವರು ಒಂದೂಕಾಲು ಕಿಲೋ ಪುಡಿ. ಚೆಲ್ಲಿದ ಡಿಕಾಕ್ಷನ್ ಎಲ್ಲ ಕಣ್ಣ ಮುಂದೆ ಬಂತು.

ಸಂಜೆ ಪಲ್ಪರಿನಲ್ಲಿ ಸಿಪ್ಪೆ ಬೇರೆಯಾಗಿ ಬಿದ್ದ ಬೀಜಗಳನ್ನು ತೊಟ್ಟಿಯಲ್ಲಿ ಹುದುಗಲು ಬಿಟ್ಟರು. ಲೋಳೆ ಬಿಟ್ಟ ಮೇಲೆ ತೊಳೆದು ಕಣದಲ್ಲಿ ಹರವುತ್ತಾರೆ, ಅದು ಪಾರ್ಚ್‌ಮೆಂಟ್. ಹಣ್ಣಿನ ಸಮೇತ ಒಣಗಿಸಿದ್ದು ಚೆರ್ರಿ. ಅಂಗಡಿಯವರ "ಪ್ಲಾಂಟೇಷನ್ ಎ" ಅಂದರೆ ತೊಳೆದ ಅರೇಬಿಕಾದ ದಪ್ಪ ಬೀಜ ಎಂದು ಅಲ್ಲಿ ಅರ್ಥವಾಯಿತು. ಗೆಳೆಯನ ಅಪ್ಪ ಒಂದು ಒಣಗಿದ ಗಿಡದ ಕಾಂಡ ಸೀಳಿ, ಬಿಳಿ ಕಾಂಡಕೊರಕ ಹುಳು ಕೊರೆದ ಸುರಂಗ ತೋರಿಸಿದರು. ಒಮ್ಮೆ ಹೊಕ್ಕರೆ ಗಿಡ ಕಿತ್ತು ಸುಡುವುದೇ ದಾರಿ. ಅರೇಬಿಕಾ ತೆಗೆದು, ಈ ಹುಳುವಿನ ಕಾಟ ಕಡಿಮೆಯಿರುವ ರೋಬಸ್ಟಾ ಜಾತಿಯ ಕಾಫಿ ಹಾಕುವವರು ಹೆಚ್ಚಿದ್ದಾರೆ ಎಂದರು. ಅವರ ಕೆಳಗಿನ ತೋಟ ಆಗಲೇ ರೋಬಸ್ಟಾ ಆಗಿತ್ತು. ಬೆಂಗಳೂರಿನಲ್ಲಿ "ನೂರಕ್ಕೆ ನೂರು ಅರೇಬಿಕಾ" ಎಂದು ಹೆಮ್ಮೆಯಿಂದ ಬರೆದ ಫಲಕ ಕಂಡಾಗಲೆಲ್ಲ ನನಗೆ ಆ ಸೀಳಿದ ಕಾಂಡ ನೆನಪಾಗುತ್ತದೆ.

ವಾಪಸು ಬರುವಾಗ ಬಾಬಾ ಬುಡನ್‌ಗಿರಿ ಹತ್ತಿದೆವು. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್ನಿನ ಮೋಕಾದಿಂದ ಏಳು ಬೀಜ ಮುಚ್ಚಿಟ್ಟುಕೊಂಡು ತಂದು ಈ ಬೆಟ್ಟದಲ್ಲಿ ಬಿತ್ತಿದರು ಎಂಬುದು ಪ್ರತೀತಿ. ಗಾಳಿಗೆ ಮಾತಾಡಲಾಗದೆ, ಹಲ್ಲು ಕಡಿಯುತ್ತ ನಿಂತಿದ್ದಾಗ ಒಂದೇ ಯೋಚನೆ: ಇಷ್ಟು ಚಳಿಯಲ್ಲಿ ಆ ಮನುಷ್ಯನಿಗೆ ಬೀಜ ಬಿತ್ತುವ ಬದಲು ಹುರಿದು ಕುಡಿಯಬೇಕು ಅನಿಸಲಿಲ್ಲವೇ?

ಎರಡು ತಿಂಗಳಿಗೆ ಗೆಳೆಯ ಫೋನು ಮಾಡಿದ: "ಹೂಮಳೆ ಬಂದಿದೆ, ಒಂಬತ್ತು ಹತ್ತು ದಿನಕ್ಕೆ ಬಾ." ಹೋದಾಗ ಗಿಡದ ಒಂದೊಂದು ಗಿಣ್ಣಿಗೂ ಬಿಳಿ ಹೂವಿನ ಗೊಂಚಲು, ಮಲ್ಲಿಗೆಯ ಹತ್ತಿರದ ಕಂಪು, ಜೇನ್ನೊಣಗಳ ಗುಂಯ್. ಮೂರು ನಾಲ್ಕು ದಿನದಲ್ಲಿ ಎಲ್ಲ ಕಂದಿಹೋಗುತ್ತದೆ. ಆ ದಿನಗಳಲ್ಲಿ ಅಕಾಲದ ಮಳೆ ಬಿದ್ದರೆ ವರ್ಷದ ಫಸಲಿಗೇ ಪೆಟ್ಟು. ಮನೆಯವರೆಲ್ಲ ಮೋಡ ನೋಡುತ್ತಿದ್ದರು, ನಾನೊಬ್ಬನೇ ಹೂವಿನ ಫೋಟೋ ತೆಗೆಯುತ್ತಿದ್ದೆ.

ಆಮೇಲೆ ನಾನು ಸ್ವಲ್ಪ ಹುಚ್ಚನಾದೆ. ಕಾಫಿ ಬೋರ್ಡಿನ ಕಾಪಿ ಶಾಸ್ತ್ರ ತರಬೇತಿ ಮುಗಿಸಿದ್ದ ಸ್ನೇಹಿತನೊಬ್ಬ ಮನೆಯಲ್ಲಿ ಐದು ಬಟ್ಟಲು ಸಾಲಾಗಿಟ್ಟು, ಪುಡಿಗೆ ಬಿಸಿನೀರು ಸುರಿದು, ನಾಲ್ಕು ನಿಮಿಷದ ಮೇಲೆ ಮೇಲಿನ ಪದರ ಚಮಚದಿಂದ ಒಡೆದು ಮೂಸಿಸಿದ. ಆಮೇಲೆ ಚಮಚದಿಂದ ಸೊರ್ರ್ ಎಂದು ಎಳೆದು ಕುಡಿಯಬೇಕು, ಗಾಳಿ ಜೊತೆ ಸೇರಿದರೇ ರುಚಿ ಬಾಯಿತುಂಬ ಹರಡುವುದು. ಉಳಿದವರೆಲ್ಲ ನಾಚಿಕೊಂಡು ಗುಟುಕರಿಸುತ್ತಿದ್ದರು. ಅಪ್ಪನ ಮಗನಿಗೆ ಅದೇನು ಕಷ್ಟ? ಒಂದರಲ್ಲಿ ಕಿತ್ತಳೆ ಸಿಪ್ಪೆಯ ಹುಳಿ ಸಿಕ್ಕಿತು, ಇನ್ನೊಂದರಲ್ಲಿ ಬೆಲ್ಲದ ಪಾಕ. ಹಾಲು ಸಕ್ಕರೆ ಇಲ್ಲದೆಯೂ ಕಾಫಿಯಲ್ಲಿ ಇಷ್ಟೆಲ್ಲ ಇದೆ ಎಂದು ಗೊತ್ತಾದ ಮೇಲೆ, ಗ್ಲಾಸಿನ ಕೊಳವೆಯಲ್ಲಿ ಸೋಸಿ ಇನ್ನೂರೈವತ್ತು ರೂಪಾಯಿ ಕೇಳುವ ಅಂಗಡಿಗಳಿಗೂ ಒಂದಷ್ಟು ದಿನ ಹೋದೆ. ಚೆನ್ನಾಗಿರುತ್ತದೆ, ಸುಳ್ಳು ಹೇಳಲಾರೆ. ಆದರೆ ಅಲ್ಲಿ ಪಕ್ಕದ ಮೇಜಿನವರು ಮಾತಾಡಿಸುವುದಿಲ್ಲ. ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸಿನಲ್ಲಿ ಕಾಫಿ ಸಾಧಾರಣ, ಆದರೂ ಬಿಳಿ ಪೇಟದ ಮಾಣಿ ಬಂದು ಲೋಟ ಎತ್ತುವವರೆಗೆ ಎರಡು ತಾಸು ಕೂರಬಹುದು. ನಾನು ಅಲ್ಲಿಗೇ ಮರಳಿದೆ.

ಕಳೆದ ದೀಪಾವಳಿ ಮುಗಿಸಿ ಅವ್ವ ಬೆಂಗಳೂರಿಗೆ ಬಂದಳು. ಇಷ್ಟು ವರ್ಷದಲ್ಲಿ ಕಲಿತದ್ದೆಲ್ಲ ಹಾಕಿ ಕಾಫಿ ಮಾಡಿದೆ. ಅಂದೇ ಅರೆದ ಪುಡಿ, ಉಕ್ಕಿ ಬಂದ ಹಾಲು, ಎತ್ತಿ ಸುರಿದ ನೊರೆ. ಅವ್ವ ಲೋಟ ಬದಿಗಿಟ್ಟು, ಬಟ್ಟಲಿಗೆ ಬಗ್ಗಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು ಎಳೆದಳು. ಪೂರ್ತಿ ಮುಗಿಸಿ, ತಳದ ಸಕ್ಕರೆಯನ್ನೂ ಬಿಡದೆ, "ಚೊಲೋ ಐತಿ" ಅಂದಳು. ನನಗೆ ಎದೆಯುಬ್ಬಿತು.

"ಈಗ ಒಂದೀಟ ಚಾ ಇಡು."

ಶುಂಠಿ ಜಜ್ಜುತ್ತಿರುವಾಗ ಅಮ್ಮ ಮೆಟ್ಟಿಲು ಹತ್ತಿ ಬಂದರು. ಈಗ ಎಂಬತ್ತಾರೋ ಎಂಬತ್ತೇಳೋ, ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಬಾಗಿಲಲ್ಲೇ ಅವ್ವನಿಗೆ, "ಕಾಫಿ ಆಯ್ತೇನಮ್ಮಾ?" ಅಂದರು.

"ಹೂನ್ರಿ, ಆತ್ರಿ. ಚಾ ಇಟ್ಟಾನ, ಬರ್ರಿ ಕುಂದರ್ರಿ" ಅಂದಳು ಅವ್ವ.

ಅಮ್ಮ ಚಾ ಕುಡಿದದ್ದನ್ನು ನಾನು ಕಂಡಿರಲಿಲ್ಲ. ಬೇಡ ಅನ್ನುತ್ತಾರೆ ಎಂದು ಕಾದೆ. ಅವರು ಅವ್ವನ ಮುಖ ಒಮ್ಮೆ ನೋಡಿ, ಕುರ್ಚಿ ಎಳೆದುಕೊಂಡು ಕೂತರು. ಗದಗಿನಿಂದ ತಂದಿದ್ದ ಕಪ್ಪು-ಬಶಿ ತೆಗೆದು ಇಬ್ಬರಿಗೂ ಬಗ್ಗಿಸಿದೆ. ಅವ್ವ ಬಶಿಗೆ ಸುರಿದುಕೊಂಡಳು. ಅಮ್ಮನೂ ಸುರಿದುಕೊಂಡರು, ಕಪ್ಪು ಕೆಳಗಿಟ್ಟರು, ತುಂಬಿದ ಬಶಿಯನ್ನು ಎಲ್ಲಿ ಹಿಡಿದು ಎತ್ತಬೇಕೆಂದು ತಿಳಿಯದೆ ನನ್ನ ಕಡೆ ನೋಡಿದರು.